ಒಲೆ ಹಚ್ಚದ ತಂಬಿಟ್ಟು

ಆ ಯುಗಾದಿಯಂದು ನಮ್ಮ ಬೀದಿಯ ಹದಿನಾಲ್ಕು ಬಾಗಿಲುಗಳಲ್ಲಿ ಹದಿಮೂರಕ್ಕೆ ಮಾವಿನ ತೋರಣವಿತ್ತು. ಬೋಳಾಗಿದ್ದದ್ದು ನಮ್ಮದೊಂದೇ. ಹೆಂಡತಿ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ವರ್ಷ ತುಂಬುವವರೆಗೆ ಮನೆಯಲ್ಲಿ ಹಬ್ಬದಡುಗೆ ಮಾಡುವಂತಿಲ್ಲ. ಸಿಹಿ ಏನಿದ್ದರೂ ನೆರೆಯವರು ಕೊಟ್ಟದ್ದು. ಬೆಳಗಿನಿಂದ ನಾಲ್ಕು ಸಲ ಆ ಬಾಗಿಲಲ್ಲಿ ನಿಂತು ಬೀದಿಯ ತುದಿಯನ್ನು ನೋಡಿ ಬಂದಿದ್ದೆ. ಹನ್ನೊಂದರ ಬಸ್ಸಿಗೆ ನಮ್ಮತ್ತೆ ಬರುವವರಿದ್ದರು, ನನ್ನ ಇಬ್ಬರು ಹೆಣ್ಣುಮಕ್ಕಳನ್ನು ತಮ್ಮೂರಿಗೆ ಕರೆದೊಯ್ಯಲು. ಮಕ್ಕಳಿಗೆ ಅದು ಗೊತ್ತಿರಲಿಲ್ಲ. ಅಜ್ಜಿ ಹಬ್ಬಕ್ಕೆ ಬರುತ್ತಾರೆಂದು ಹಿಗ್ಗಿದ್ದರು.

"ಅಜ್ಜಿಗೆ ಏನು ಕೊಡೋದು?" ಎಂದಳು ಏಳು ವರ್ಷದ ವನಜ.

"ನಾವೇನೂ ಮಾಡೋ ಹಾಗಿಲ್ಲ ಮಗೂ."

ಪಕ್ಕದ ಮನೆಯ ರಂಗನಾಯಕಮ್ಮ ಗೋಡೆಯಾಚೆಯಿಂದಲೇ ಕೇಳಿಸಿಕೊಂಡಿದ್ದರು. "ಹಬ್ಬಕ್ಕೆ ಅಂತ ಬಾಣಲೆ ಇಡಬಾರದು, ಒಲೆ ಹಚ್ಚಬಾರದು, ಅಷ್ಟೇ ತಾನೆ? ತಂಬಿಟ್ಟು ಕಟ್ಟಿ. ಅದಕ್ಕೆ ಒಲೆ ಯಾಕ್ರೀ? ಎರಡು ಪಾವು ಹುರಿಗಡಲೆಗೆ ಒಂದು ಪಾವು ಬೆಲ್ಲ."

ಶಾಸ್ತ್ರದಲ್ಲಿ ಅಂಥ ಸಂದಿಯಿತ್ತೋ ಇಲ್ಲವೋ, ನನಗೆ ಕೈಗೊಂದು ಕೆಲಸ ಬೇಕಾಗಿತ್ತು. ಹುರಿಗಡಲೆಯನ್ನು ನಾನು ಕುಟ್ಟಿದೆ. ವನಜ ಬೆಲ್ಲ ಪುಡಿ ಮಾಡಿ, ಕೊಬ್ಬರಿ ತುರಿದಳು. ನಾಲ್ಕು ವರ್ಷದ ಇಂದ್ರಿಗೆ ತುಪ್ಪದ ಭರಣಿ ಕಾಯುವ ಕೆಲಸ. ಬಿಸಿಲಿಗಿಟ್ಟ ಭರಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅವಳು ನಿಮಿಷಕ್ಕೊಮ್ಮೆ ವರದಿ ಒಪ್ಪಿಸುತ್ತಿದ್ದಳು: "ಇನ್ನೂ ಗಟ್ಟಿ! ಅಂಚು ಕರಗ್ತು!"

ಐದನೆಯ ಸಲ ಬಾಗಿಲಿಗೆ ಹೋದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ತಿರುಗಿ ಬರುವಷ್ಟರಲ್ಲಿ ಇಂದ್ರಿ ಅಂಗಳದ ಬೇವಿನ ಮರದಡಿ ಆಯ್ದ ಹೂವನ್ನೆಲ್ಲ ಲಂಗದಿಂದ ಹಿಟ್ಟಿಗೆ ಸುರಿದು ಕಲಸಿಬಿಟ್ಟಿದ್ದಳು.

"ಏನೇ ಇದು!"

"ಇವತ್ತು ಬೇವೂ ತಿನ್ನಬೇಕು, ಬೆಲ್ಲಾನೂ ತಿನ್ನಬೇಕು ಅಂತ ನೀನೇ ಹೇಳಿದ್ದು. ಬೇರೆ ಬೇರೆ ಯಾಕೆ?"

"ಚಿಟಿಕೆ ಹಾಕ್ತಾರೆ ಕಣೇ, ಪೆದ್ದಿ," ಎಂದಳು ವನಜ. ಆದರೂ ಉಂಡೆ ಕಟ್ಟುವುದನ್ನು ನಿಲ್ಲಿಸಲಿಲ್ಲ. ಹತ್ತೊಂಬತ್ತು ಉಂಡೆಗಳಾದವು. ಒಂದೂ ದುಂಡಗಿರಲಿಲ್ಲ.

ಅತ್ತೆ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳಿದರು: "ಬಟ್ಟೆ ಕಟ್ಟಿಟ್ಟಿದೀರಾ? ನಾಲ್ಕರ ಬಸ್ಸಿಗೆ ಹೊರಡೋಣ."

"ಯಾರ ಬಟ್ಟೆ?" ಎಂದಳು ವನಜ.

ಅತ್ತೆ ನನ್ನನ್ನು ನೋಡಿದರು. "ಮಕ್ಕಳಿಗೆ ಹೇಳೇ ಇಲ್ವಾ? ಕಾಗದ ಬರೆದೋರು ನೀವೇ ಅಲ್ವಾ?"

ನಾನೇ. ಚಳಿಗಾಲದ ಕೊನೆಯಲ್ಲಿ ಇಂದ್ರಿಗೆ ಜ್ವರ ಬಂದು, ರಜೆ ಸಿಗದೆ, ಮೂರು ದಿನ ಅವಳನ್ನು ವನಜಳ ಮೇಲೆ ಬಿಟ್ಟು ಕೆಲಸಕ್ಕೆ ಹೋಗಿದ್ದೆ. ನಾಲ್ಕನೆಯ ದಿನ, ನನ್ನಿಂದಾಗದು, ಕರೆದುಕೊಂಡು ಹೋಗಿ ಎಂದು ಬರೆದೆ. ಬರುತ್ತೇನೆಂದು ಉತ್ತರ ಬಂದಾಗಿನಿಂದ ಕೂತಲ್ಲಿ ಕೂರಲಾಗಿರಲಿಲ್ಲ. ಬೇಡವೆಂದು ಬರೆಯಲು ಮೂರು ಸಲ ಕೂತು, ಮೂರು ಸಲವೂ ಎದ್ದಿದ್ದೆ.

"ನಮ್ಮನ್ನ ಕಳಿಸ್ತಿದ್ದೀಯಾ?" ವನಜಳ ಬೆರಳುಗಳಿಗೆ ಹಿಟ್ಟು ಮೆತ್ತಿಕೊಂಡಿತ್ತು.

"ಕಳಿಸ್ತೀನಿ ಅಂತ ಬರೆದಿದ್ದೆ."

"ಈಗ?"

"ಈಗ ಇಲ್ಲ."

ಅತ್ತೆ ಚಾಪೆಯ ಮೇಲೆ ಕೂತರು. ಇಂದ್ರಿಗೆ ತಾನು ಕಟ್ಟಿದ್ದನ್ನು ತೋರಿಸುವ ಆತುರ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು.

"ವರ್ಷ ತುಂಬಿಲ್ಲ, ಇದೇನಿದು?" ಅತ್ತೆಯ ದನಿ ಗಡುಸಾಯಿತು.

"ಒಲೆ ಹಚ್ಚಿಲ್ಲಜ್ಜಿ! ತುಪ್ಪ ಬಿಸಿಲೇ ಕರಗಿಸಿದ್ದು. ನಾನು ಕಾದಿದ್ದೆ."

ಅತ್ತೆ ಒಂದುಂಡೆ ಮುರಿದು ಬಾಯಿಗಿಟ್ಟರು. ಅವರ ದವಡೆ ಒಂದು ಕ್ಷಣ ನಿಂತಿತು. ಆಮೇಲೆ ಪೂರ್ತಿ ಅಗಿದು ನುಂಗಿದರು. "ಅರವತ್ತೆರಡು ಯುಗಾದಿ ಕಂಡೆ. ಇಷ್ಟು ಕಹಿ ತಂಬಿಟ್ಟು ತಿಂದಿರಲಿಲ್ಲ ಕಣೇ," ಎಂದು ಇನ್ನರ್ಧವನ್ನೂ ಎತ್ತಿಕೊಂಡರು. ಇಂದ್ರಿ ಹೊಗಳಿಕೆಯೆಂದೇ ತಿಳಿದು ಅವರ ತೊಡೆಯೇರಿದಳು.

"ಮತ್ತೆ ಜ್ವರ ಬಂದ್ರೆ?" ಅತ್ತೆ ನನ್ನನ್ನು ಕೇಳಿದರು.

"ರಂಗನಾಯಕಮ್ಮನವರನ್ನ ಕರೀತೀನಿ. ಅವತ್ತು ನಾಚಿಕೆ ಆಯ್ತು, ಕರೀಲಿಲ್ಲ."

"ಇನ್ನೊಂದ್ಸಲ ಕಾಗದ ಬರೆದ್ರೆ ನಾನು ಮಕ್ಕಳನ್ನ ಬಿಟ್ಟು ಹಿಂದಕ್ಕೆ ಹೋಗೋಳಲ್ಲ."

"ಬರೆಯೋದಿಲ್ಲ."

ವನಜ ಆ ದಿನವೆಲ್ಲ ನನ್ನೊಡನೆ ಮಾತಾಡಲಿಲ್ಲ. ನಾಲ್ಕು ಗಂಟೆಗೆ ನಿಲ್ದಾಣಕ್ಕೆ ಮಾತ್ರ ಬಂದಳು, ತಂಗಿಯ ಕೈಯನ್ನು ಬಿಗಿಯಾಗಿ ಹಿಡಿದು. ಅತ್ತೆ ಬಸ್ಸು ಹತ್ತಿ ಮೂವರು ಕೂರುವ ಸೀಟಿನ ಈಚೆಯ ತುದಿಯಲ್ಲಿ ಕೂತರು. ಕಿಟಕಿಯ ಪಕ್ಕದ ಎರಡು ಜಾಗ ಹಾಗೆಯೇ ಉಳಿದವು. ನಿಂತಿದ್ದವರೊಬ್ಬರು ಜಾಗ ಕೇಳಿರಬೇಕು, ಅತ್ತೆ ಅವರನ್ನು ತಲೆಯೆತ್ತಿ ನೋಡಿದರು, ಖಾಲಿ ಜಾಗವನ್ನು ನೋಡಿದರು, ಸೆರಗನ್ನು ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಕಿಟಕಿಯತ್ತ ಸರಿದರು.