ಅಮ್ಮನ ಎಡಗೆನ್ನೆ

ಊರಿನ ದೊಡ್ಡ ತಲೆಗಳನ್ನೆಲ್ಲ ಕಂಚಿನಲ್ಲಿ ಎರಕ ಹೊಯ್ದವನು ನಮ್ಮಪ್ಪ. ಅಮ್ಮನದೊಂದನ್ನು ಬಿಟ್ಟು. ಹಿತ್ತಲ ಗಿಡ ಮದ್ದಲ್ಲ ಎನ್ನುವುದಕ್ಕೆ ನಮ್ಮ ಮನೆಗಿಂತ ಬೇರೆ ಸಾಕ್ಷಿ ಬೇಡ. ಇನ್ನು ಸ್ವಲ್ಪ ದಿನಕ್ಕೆ ಬರೀ ಬೆಳಕು, ನೆರಳು ಅಷ್ಟೇ ಕಾಣುವುದು ಎಂದು ಕಣ್ಣಿನ ಡಾಕ್ಟರು ಹೇಳಿ ಕಳಿಸಿದ ಮೇಲೆ ಮಹಾರಾಯನಿಗೆ ಹೆಂಡತಿಯ ನೆನಪಾಯಿತು.

ಎದುರಿಗೆ ಕೂರಬೇಕಾ ಎಂದು ಅಮ್ಮ ಒಮ್ಮೆ ಕೇಳಿದಳು. ಬೇಡ, ನಿನ್ನ ಮುಖ ನನಗೆ ಬಾಯಿಪಾಠ ಎಂದ. ಅಮ್ಮ ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ನಮ್ಮ ಕಸುಬು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟೊಳ್ಳಾದ ಮೇಣದ ಮುಖದ ಒಳಗೆ ಮಣ್ಣು ತುಂಬಿ, ಹೊರಗೂ ಮಣ್ಣು ಮೆತ್ತಿ ಸುಡುತ್ತೇವೆ. ಮೇಣ ಕರಗಿ ಹರಿದು ಹೋಗುತ್ತದೆ, ಅದಿದ್ದ ಜಾಗಕ್ಕೆ ಕಂಚು ಹೊಯ್ಯುತ್ತೇವೆ. ಎರಕ ಕೆಟ್ಟರೆ ಆ ಮೇಣದ ಮುಖ ಮತ್ತೆ ಸಿಗುವುದಿಲ್ಲ. ಇನ್ನೊಂದು ಮುಖ ಮಾಡುವಷ್ಟು ದೃಷ್ಟಿ ಅಪ್ಪನಿಗೆ ಉಳಿಯುತ್ತಿರಲಿಲ್ಲ. ಕಂಚು ಹೊಯ್ಯಬೇಕಾದವಳು ನಾನು. ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಅಪ್ಪನಿಗೋ ಎಡಗೆನ್ನೆಯದೇ ಚಿಂತೆ. ಒಳಗೆ ಮಣ್ಣು ತುಂಬಿದ ಮೇಲೂ ಹೊರಗಿನಿಂದ ಹೆರೆಯುತ್ತಲೇ ಇದ್ದ. ಅವಳ ಕೆನ್ನೆ ಇಷ್ಟು ಉಬ್ಬಿರಲಿಲ್ಲವಂತೆ. ಮೇಣ ಇಷ್ಟು ತೆಳುವಾದರೆ ಕಂಚು ಅಲ್ಲಿಗೆ ಹರಿಯುವ ಮೊದಲೇ ಗಟ್ಟಿಯಾಗುತ್ತದೆ ಎಂದು ಬಡಕೊಂಡೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನನಗೆ ಕಂಚಿನ ಪಾಠ ಹೇಳಬೇಡ ಎಂದ.

ಕಂಚು ಹೊಯ್ದು, ಆರಿದ ಮೇಲೆ ಮಣ್ಣಿನ ಅಚ್ಚು ಒಡೆದಾಗ ಎಡಗೆನ್ನೆ ಇರಲಿಲ್ಲ. ಕಣ್ಣಿನ ಕೆಳಗಿನಿಂದ ದವಡೆಯವರೆಗೆ ತೂತು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಸಿಟ್ಟನ್ನು ಒಡೆದ ಅಚ್ಚಿನ ಮೇಲೆ ತೀರಿಸಿಕೊಂಡೆ. ಅಪ್ಪ ತೂತಿನ ಅಂಚನ್ನು ಬೆರಳಲ್ಲಿ ತಡವಿದ.

ಸದ್ದು ಕೇಳಿ ಅಮ್ಮ ಬಂದಳು. ಸೀರೆಗೆ ಕೈ ಒರೆಸಿಕೊಳ್ಳುತ್ತ ಕಂಚಿನ ಮುಖವನ್ನು ಬಹಳ ಹೊತ್ತು ನೋಡಿದಳು. ಉಳಿದಿದ್ದಷ್ಟೂ ಆಗ ತಾನೇ ಮದುವೆಯಾದ ಹುಡುಗಿಯ ಮುಖ.

“ಹುಡುಗಿ ಚೆನ್ನಾಗಿದಾಳೆ. ಯಾರು?” ಎಂದಳು.

ಒಂದು ದಾರಿ ಇದೆ ಎಂದು ನಾನೇ ಹೇಳಿದೆ. ಕೆನ್ನೆಯಷ್ಟನ್ನೇ ಮೇಣದಲ್ಲಿ ಮಾಡಿ, ಬೇರೆ ಎರಕ ಹೊಯ್ದು, ಕಾಯಿಸಿ ಬೆಸೆಯಬಹುದು. ಈ ಸಲ ಹೆರೆಯೋ ಹಾಗಿಲ್ಲ ಎಂದೂ ಸೇರಿಸಿದೆ. ಅಪ್ಪ ಮೇಣದ ಉಂಡೆ ಹಿಡಿದು ಕೂತ, ಬೆರಳು ಮಾತ್ರ ಆಡಲಿಲ್ಲ. ಬಾಯಿಪಾಠ ಅಲ್ಲಿಗೆ ಮುಗಿದಿತ್ತು.

ಅಮ್ಮ ಸ್ಟೂಲನ್ನು ಎಳೆದುಕೊಂಡು ಅವನ ಮುಂದೆ ಕೂತಳು. ಉಂಡೆಯನ್ನು ಅವನ ಕೈಯಿಂದ ತೆಗೆದು ನನಗೆ ಕೊಟ್ಟಳು. ಆ ಕೈಯನ್ನು ತನ್ನ ಎಡಗೆನ್ನೆಯ ಮೇಲಿಟ್ಟುಕೊಂಡಳು. ಮಗಳ ಎದುರಿಗೆ ಅವರಿಬ್ಬರೂ ಹಾಗೆ ಕೂತಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ನೆಲ ನೋಡಿದೆ.

ಬೆರಳುಗಳು ನಿಧಾನವಾಗಿ ಹರಿದಾಡಿ, ಬಾಯಿಯ ಪಕ್ಕದಲ್ಲಿ ನಿಂತವು.

“ಈ ಸುಕ್ಕು ಯಾವಾಗ ಬಂತೇ?”

“ನಿಮ್ಮ ಕಣ್ಣು ಚೆನ್ನಾಗಿದ್ದಾಗಲೇ.”

ಅಪ್ಪ ಕೈ ತೆಗೆಯಲಿಲ್ಲ. ಇನ್ನೊಂದು ಕೈಯನ್ನು ನನ್ನ ಕಡೆಗೆ ಚಾಚಿ ಮೇಣ ಕೇಳಿದ.