ಕೂಗಿಗೆ ಮುಂಚಿನ ಮಾತು

"ಈ ಹುಡುಗಿ ಈಗ ಹೋದ್ಲು ನೋಡು," ಎನ್ನುತ್ತ ಅಪ್ಪ ಕುರ್ಚಿಯನ್ನು ಟಿ.ವಿ. ಹತ್ತಿರಕ್ಕೆ ಎಳೆದುಕೊಂಡರು. ಮುಖವಾಡದವನು ಕೊಡಲಿ ಎತ್ತಿದ. ಹುಡುಗಿ ಗಂಟಲು ಹರಿಯುವಂತೆ ಕಿರುಚಿದಳು. ಅಪ್ಪನ ಕಣ್ಣು ತುಂಬಿ ಬಂತು.

ಕಿರುಚಿದ್ದು ಆ ಹುಡುಗಿಯಲ್ಲ, ಅಮ್ಮ. ಕುತ್ತಿಗೆಗೆ ತೆಳುಬಟ್ಟೆ ಸುತ್ತಿಕೊಂಡು ಸೋಫಾದ ಮೂಲೆಯಲ್ಲಿ ಕೂತಿದ್ದ ಅಮ್ಮ, ಎಷ್ಟೋ ವರ್ಷಗಳ ಹಿಂದೆ. ಆ ಕಾಲದಲ್ಲಿ ಡಬ್ಬಿಂಗ್ ಸ್ಟುಡಿಯೋದಲ್ಲಿ ಮಾತಾಡುವುದು ದೊಡ್ಡ ಕಲಾವಿದೆಯರ ಪಾಲು. ಗಂಟಲು ಕೆಡಿಸಿಕೊಳ್ಳಲು ಅವರು ಒಪ್ಪುತ್ತಿರಲಿಲ್ಲವಾದ್ದರಿಂದ ಕಿರುಚಾಟವೆಲ್ಲ ಅಮ್ಮನ ಪಾಲು. ಅಲ್ಲಿ ಅವಳ ಹೆಸರೇ ಕಿರುಚಕ್ಕ. ಕೂಗುಗಳನ್ನು ದಿನದ ಕೊನೆಗೆ, ಉಳಿದವರೆಲ್ಲ ಮನೆಗೆ ಹೋದ ಮೇಲೆ ತೆಗೆಯುತ್ತಿದ್ದರು. ಮನೆಗೆ ಬಂದ ಅಮ್ಮ ಬಿಸಿನೀರು ಕುಡಿದು, ಬೆಳಗಿನವರೆಗೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. "ಕೂಗೆಲ್ಲ ಅವರಿಗೆ, ನಮಗೆ ಬರೀ ಮೌನ," ಎಂದು ಅಪ್ಪ ರೇಗಿಸುತ್ತಿದ್ದರು. ಕೆಲಸ ಬಿಟ್ಟ ಮೇಲೆ ಅಮ್ಮ ಬಾಯ್ತುಂಬ ಮಾತಾಡಿದಳು, ಅಪ್ಪ ಕಿವಿತುಂಬ ಕೇಳಿದರು. ಅಷ್ಟರಲ್ಲಿ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ವೈದ್ಯರು ಜೀವ ಉಳಿಸಿಕೊಟ್ಟರು. ಧ್ವನಿಪೆಟ್ಟಿಗೆಯನ್ನು ಮಾತ್ರ ತೆಗೆಯಲೇಬೇಕಾಯಿತು.

ಮನೆಯಲ್ಲಿ ಫೋಟೋಗಳಿಗೇನೂ ಬರವಿರಲಿಲ್ಲ. ಧ್ವನಿಯನ್ನು ಹಿಡಿದಿಡಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಅಡುಗೆಮನೆಯಲ್ಲಿ ಅಪ್ಪ ಮಗಳ ಕೈ ಹಿಡಿದು, "ಒಂದೇ ಒಂದು ಮಾತು ಸಾಕು ಕಣಮ್ಮ. ಎಲ್ಲಾದ್ರೂ ಇದೆಯಾ ನೋಡು," ಎಂದಿದ್ದರು. ಅಮ್ಮ ಕೂಗು ಕೊಟ್ಟಿದ್ದ ಆ ಮುಖವಾಡದವನ ಚಿತ್ರದ ಎಲ್ಲ ಭಾಗಗಳನ್ನೂ ಅವಳು ಹುಡುಕಿ ತಂದಳು. ಪ್ರತಿ ಭಾಗದಲ್ಲೂ ಅವನು ಸುಟ್ಟೋ ಮುಳುಗಿಯೋ ಸಾಯುತ್ತಿದ್ದ, ಮುಂದಿನ ಭಾಗಕ್ಕೆ ನಾಚಿಕೆಯಿಲ್ಲದೆ ಎದ್ದು ಬರುತ್ತಿದ್ದ.

ದೋಣಿಯಲ್ಲಿ ಅಮ್ಮ ಕಿರುಚಿದಳು. ಸ್ನಾನದ ಮನೆಯಲ್ಲಿ ಕಿರುಚಿದಳು. ಒಂದು ಕೂಗು ಚೆನ್ನಾಗಿಲ್ಲವೆಂದು ಸೋಫಾದಲ್ಲಿ ಕೂತು ತಾನೇ ಮೂಗು ಮುರಿದಳು. ಎಷ್ಟು ನೋಡಿದರೂ ಮಾತು ಒಂದೂ ಸಿಗಲಿಲ್ಲ.

"ಸಾಕು ಬಿಡಪ್ಪ," ಎಂದಳು ಮಗಳು, ಕೊನೆಯ ಭಾಗ ಅರ್ಧವಾದಾಗ. ಅವಳಿಗೆ ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ.

"ಇರು, ಇನ್ನೊಂದು ಸಾವು ನೋಡೋಣ."

ತೆರೆಯ ಮೇಲೆ ಹೆಂಗಸೊಬ್ಬಳು ಪಾತ್ರೆ ತೊಳೆಯುತ್ತಿದ್ದಳು. ಹಿಂದೆ ಬಾಗಿಲು ಕಿರುಗುಟ್ಟಿತು. ಅವಳು ತಿರುಗದೆ ಕೇಳಿದಳು: "ರೀ, ಬಂದ್ರಾ?"

ಅಮ್ಮನ ಧ್ವನಿ. ಆ ಪಾತ್ರಕ್ಕೆ ಇದ್ದದ್ದು ಅದೊಂದೇ ಮಾತು. ಅಷ್ಟಕ್ಕಾಗಿ ಇನ್ನೊಬ್ಬರನ್ನು ಯಾಕೆ ಕರೆಸುವುದೆಂದು ಕಿರುಚಕ್ಕನಿಂದಲೇ ಹೇಳಿಸಿರಬೇಕು.

"ಹ್ಞೂಂ ಕಣೇ, ಬಂದೆ," ಎಂದರು ಅಪ್ಪ.

ಮರುಕ್ಷಣವೇ ಅಮ್ಮ ಕಿರುಚಿದಳು. ಮಗಳು ತಟಕ್ಕನೆ ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದಳು. ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮಕ್ಕಳಂತೆ ಅತ್ತರು. ಮಗಳೂ ಅತ್ತಳು.

ಸ್ವಲ್ಪ ಹೊತ್ತಿನ ನಂತರ ಅವಳು ಚಿತ್ರವನ್ನು ಹಿಂದಕ್ಕೆ ಓಡಿಸಿದಳು. ಈ ಸಲ ಕೂಗು ಬರುವ ಮೊದಲೇ ನಿಲ್ಲಿಸಿದಳು. "ರೀ, ಬಂದ್ರಾ?" ಅಪ್ಪ ಮತ್ತೆ ಓಗೊಟ್ಟರು. ಮತ್ತೊಮ್ಮೆ ಹಾಕಲು ಹೋದಾಗ ಅಮ್ಮ ಎದ್ದು ಬಂದು ಅವಳ ಕೈಯಿಂದ ರಿಮೋಟ್ ತೆಗೆದುಕೊಂಡು ಟಿ.ವಿ. ಆರಿಸಿದಳು.

ಆಮೇಲೆ ಅಪ್ಪನ ಎದುರು ನೆಲದ ಮೇಲೆ ಕೂತು, ಅವರ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವಳ ತುಟಿಗಳು ನಿಧಾನವಾಗಿ ಅಲುಗಿದವು. ಅಪ್ಪ ಕಣ್ಣೊರೆಸಿಕೊಂಡು, ಆ ತುಟಿಗಳನ್ನೇ ನೋಡುತ್ತ, ಹೇಳಿದರು:

"ಹ್ಞೂಂ ಕಣೇ. ಬಂದೆ."