ಕೊಡದಮ್ಮನ ಸಾಬರು

“ಅದನ್ನ ಅವರಿಗೆ ಮುಟ್ಟಿಸಬ್ಯಾಡ್ರಿ!” ಎಂದು ಕೆಂಚವೀರಪ್ಪ, ಇಂಜಿನಿಯರ್ ಮಾಲತೇಶನ ಕೈಯಿಂದ ಹಾರವನ್ನು ಕಿತ್ತುಕೊಂಡ. ಕಿತ್ತ ರಭಸಕ್ಕೆ ಸೇವಂತಿಗೆಯೆಲ್ಲ ತೀರಿಹೋದ ಹಯಾತ್ ಸಾಬರ ಅಂಗಳದ ತುಂಬ ಚೆಲ್ಲಿತು. ಹಾರದ ನಡುವೆ ಪಾಲಿಕೆ ಕಚೇರಿಯ ಹೆಸರು ಬರೆದ ರಟ್ಟು ಬೇರೆ! ಎರಡು ವರ್ಷದ ಹಿಂದೆ ಇದೇ ಕಚೇರಿ ಸಾಬರನ್ನು ಕಳ್ಳ ಅಂತ ಹೊರಗೆ ಹಾಕಿತಲ್ಲ, ಆಗ ಎಲ್ಲಿ ಹೋಗಿತ್ತು ಈ ಮರ್ಯಾದೆ?

ಅಷ್ಟಾದರೂ ಮಾಲತೇಶ ಹೋಗಲಿಲ್ಲ. ಕೆಂಚವೀರಪ್ಪನನ್ನು ಗೋಡೆಯ ಮಗ್ಗುಲಿಗೆ ಕರೆದು ದನಿ ತಗ್ಗಿಸಿದ.

“ಸಂಜೆ ಐದಕ್ಕೆ ಕಾರಂಜಿ ಮತ್ತೆ ಶುರು ಮಾಡೋ ಫಂಕ್ಷನ್ ಐತ್ರಿ. ನಾಜಲ್ಲೆಲ್ಲ ಕಟ್ಟಿಕೊಂಡು ಒಂದು ಹನಿ ಏಳ್ತಿಲ್ಲ. ಸಾಬ್ರು ಹೆಂಗೆ ತೊಳೀತಿದ್ರು, ನಿಮಗೆ ಗೊತ್ತಿರ್ಬೇಕಲ್ಲ?”

“ಸಾಬ್ರನ್ನ ಇನ್ನೂ ಎತ್ತಿಲ್ಲ, ನಾಜಲ್ ಕೇಳಾಕೆ ಬಂದೀರೇನ್ರಿ? ಥೂ!”

ಗೊತ್ತಿತ್ತು. ಎರಡು ವರ್ಷದ ಹಿಂದೆಯೂ ಗೊತ್ತಿತ್ತು.

*

ಸರ್ಕಲ್ಲಿನ ಹಳೇ ಕಾರಂಜಿಯನ್ನು ದಾವಣಗೆರೆಯವರು ಅಜ್ಜಂದಿರ ಕಾಲದಿಂದ ಕೊಡದಮ್ಮ ಅಂತಲೇ ಕರೆಯುವುದು. ಸೊಂಟದ ಮೇಲೆ ಕೊಡ ಇಟ್ಟುಕೊಂಡ ಕಲ್ಲಿನ ಹೆಂಗಸು, ಸುತ್ತ ನೀರು ಚಿಮ್ಮಿಸುವ ಹನ್ನೊಂದು ಹಿತ್ತಾಳೆ ನಾಜಲ್ಲು. ಬೋರ್‌ವೆಲ್ಲಿನ ಗಡಸು ನೀರಿಗೆ ಅವುಗಳ ಬಾಯಲ್ಲಿ ಸುಣ್ಣ ಕಟ್ಟುತ್ತಿತ್ತು. ಕಾರಂಜಿಯ ಕೆಲಸಕ್ಕಿದ್ದ ಹಯಾತ್ ಸಾಬರು ಪ್ರತಿ ಅಕ್ಟೋಬರಿನಲ್ಲಿ ಅವನ್ನು ಬಿಚ್ಚಿ ಚೀಲದಲ್ಲಿ ಮನೆಗೆ ತರುತ್ತಿದ್ದರು. ಹೆಂಡತಿ ಮೆಹರ್ ಬಾನು ಕಿವುಚಿ ಕೊಟ್ಟ ಹುಣಸೆ ನೀರಿನಲ್ಲಿ ಎರಡು ದಿನ ನೆನೆಹಾಕಿ, ಹೊಳಪು ಬರುವ ತನಕ ತಿಕ್ಕಿ, ರಾಜ್ಯೋತ್ಸವಕ್ಕೆ ಮೊದಲು ತಿರುಗಿ ಕೂರಿಸುತ್ತಿದ್ದರು. ಮೂವತ್ತೊಂದು ವರ್ಷ ಹೀಗೇ ನಡೆಯಿತು. ಅಲ್ಲೇ ಪಂಪು ನೋಡಿಕೊಳ್ಳುತ್ತಿದ್ದ ಕೆಂಚವೀರಪ್ಪ ಎಷ್ಟೋ ಸಲ ಆ ಬಕೆಟ್ಟಿನ ಪಕ್ಕದಲ್ಲೇ ಕೂತು ಚಹಾ ಕುಡಿದಿದ್ದ.

ಹೊಸದಾಗಿ ಬಂದ ಮಾಲತೇಶನಿಗೆ ಕಂಡದ್ದು ಒಂದೇ: ಕೆಲಸದವನ ಮನೆಯಲ್ಲಿ ಸರ್ಕಾರದ ಹಿತ್ತಾಳೆ! ಕೇಳಲಿಲ್ಲ, ವಿಚಾರಿಸಲಿಲ್ಲ, ಕಳವಿನ ಮಹಜರು ಬರೆಸಿಯೇಬಿಟ್ಟ. “ಸಾಕ್ಷಿ ಅಂತ ಸೈನ್ ಹಾಕ್ರಿ ಕೆಂಚವೀರಪ್ಪ. ಇಲ್ಲಾಂದ್ರೆ ನಿಮ್ಮ ಹೆಸರೂ ಸೇರ್ತೈತೆ,” ಎಂದ. ಆಗ ಕೆಂಚವೀರಪ್ಪನ ನಿವೃತ್ತಿಗೆ ಮೂರೇ ತಿಂಗಳು ಉಳಿದಿತ್ತು. ಹಾಕಿಬಿಟ್ಟ, ಅವನ ಕೈ ಸೇದಿಹೋಗ, ಹಾಕಿಯೇಬಿಟ್ಟ.

ಸಾಬರು ಆ ಸಹಿಯನ್ನು ಕಣ್ಣಾರೆ ನೋಡಿದರು. ಆಮೇಲೂ ಎದುರಿಗೆ ಸಿಕ್ಕಾಗಲೆಲ್ಲ “ಬರ್ರಿ ಕೆಂಚಪ್ಪ, ಚಾ ಕುಡ್ದು ಹೋಗ್ರಿ,” ಅಂದರೇ ಹೊರತು, ಯಾಕೆ ಹಂಗೆ ಮಾಡಿದ್ರಿ ಅಂತ ಒಂದು ದಿನವೂ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

*

ಶವ ಇಟ್ಟ ಜನಾಜಾ ಎತ್ತುವ ಮೊದಲು ಮಗ ಸುಫಿಯಾನ್ ಅಂಗಳದಲ್ಲಿ ನಿಂತು, ವಾಡಿಕೆಯಂತೆ, ಸೇರಿದವರನ್ನು ಕೇಳಿಕೊಂಡ: “ನಮ್ಮ ಅಬ್ಬಾನಿಂದ ಯಾರಿಗಾದ್ರೂ ತಪ್ಪಾಗಿದ್ರೆ, ಮನಸ್ಸು ನೊಂದಿದ್ರೆ, ಇವತ್ತು ಮಾಫ್ ಮಾಡಿಬಿಡ್ರಿ.”

“ಮಾಫ್, ಮಾಫ್,” ಎಂದರು ಜನ. ಮಾಲತೇಶನೂ ಅಂದ! ಅಬ್ಬಬ್ಬಾ, ಎಂಥ ದೊಡ್ಡ ಮನಸ್ಸು! ಕೆಂಚವೀರಪ್ಪನಿಗೆ ಮೈಯೆಲ್ಲ ಉರಿದುಹೋಯಿತು.

“ಮಾಫ್ ಮಾಡಾಕೆ ಅವರದೇನು ತಪ್ಪೈತಪ್ಪ? ತಪ್ಪು ನಂದು. ಸುಳ್ಳು ಮಹಜರಿಗೆ ಸೈನ್ ಹಾಕಿದೋನು ನಾನು. ಬರೆಸಿದೋನು ಅಗೋ, ಅಲ್ಲಿ ನಿಂತಾನೆ.”

ಜನ ಮಾಲತೇಶನ ಕಡೆ ತಿರುಗಿದರು. ಬಾಗಿಲ ಪರದೆಯ ಹಿಂದಿನಿಂದ ಮೆಹರ್ ಬಾನುವಿನ ದನಿ ಬಂತು.

“ಅವರು ಕಳ್ಳರಲ್ಲ ಅಂತ ಇಲ್ಲಿರೋರಿಗೆಲ್ಲ ಗೊತ್ತೈತೆ ಅಣ್ಣಾ. ಊರಿಗೆ ಗೊತ್ತಿಲ್ಲ. ಊರ ಮುಂದೆ ಕಳ್ಳ ಅನ್ನಿಸಿದ್ರಿ, ಊರ ಮುಂದೇನೆ ಹೇಳ್ರಿ.”

ಮಾಲತೇಶ ಆಗಲೇ ಬೈಕು ಹತ್ತಿದ್ದ.

*

ಖಬರಸ್ತಾನಕ್ಕೆ ಹೋಗುವ ದಾರಿ ಸರ್ಕಲ್ಲಿನ ಮೇಲೆಯೇ. ಅಲ್ಲಿ ಶಾಮಿಯಾನ ಎದ್ದಿತ್ತು, ಕುರ್ಚಿಗಳು ತುಂಬುತ್ತಿದ್ದವು, ಕೊಡದಮ್ಮನಿಗೆ ಗುಲಾಬಿ ಬಣ್ಣ ಬಳಿದಿದ್ದರು. ಕಲ್ಲಿಗೂ ಬಣ್ಣ ಬಳಿಯುತ್ತಾರಲ್ಲ, ಇವರಿಗೇನು ಬಂದಿದೆ! ಕೆಂಚವೀರಪ್ಪ ಜನಾಜಾದ ಹಿಂದಿನಿಂದ ಸರಸರ ನಡೆದು, ವೇದಿಕೆ ಹತ್ತಿ, ‘ಹಲೋ ಹಲೋ’ ಎನ್ನುತ್ತಿದ್ದವನ ಕೈಯಿಂದ ಮೈಕು ತೆಗೆದುಕೊಂಡ.

“ನಾನು ಕೆಂಚವೀರಪ್ಪ, ಈ ಕಾರಂಜಿ ಪಂಪ್ ಆಪರೇಟರ್ ಇದ್ದೆ. ಹಯಾತ್ ಸಾಬ್ರು ನಾಜಲ್ ಕದ್ದಿಲ್ಲ. ಹುಣಸೆ ನೀರಾಗೆ ತೊಳಿಯಾಕೆ ಒಯ್ದಿದ್ರು. ನನಗೆ ಗೊತ್ತಿತ್ತು. ಗೊತ್ತಿದ್ದೂ ಕಳ್ಳ ಅಂತ—”

ಮೈಕು ಸತ್ತಿತು. ವೈರು ಕಿತ್ತವನು ಮಾಲತೇಶ. “ಸುಮ್ನೆ ನಡೀರಿ! ಸುಳ್ಳು ಸಾಕ್ಷಿ ಅಂತ ನಿಮ್ಮ ಮೇಲೇ ಕೇಸ್ ಆಗ್ತೈತೆ!”

“ಆಗ್ಲಿ! ಅದನ್ನೂ ಬರ್ಕೊಂಡು ಬರ್ರಿ, ಈ ಸಲ ನಿಜಕ್ಕೆ ಸೈನ್ ಹಾಕ್ತೀನಿ!”

ಗಂಟಲು ಹರಿಯುವ ಹಾಗೆ ಕೂಗಿ ಅವನು ಮೊದಲಿನಿಂದ ಮತ್ತೆ ಹೇಳಿದ. ಆಟೋಗಳು ನಿಂತವು. ಮಂಡಕ್ಕಿ ಅಂಗಡಿಯವರು ಹೊರಗೆ ಬಂದರು. ಜನಾಜಾ ತಡೆದು ನಿಲ್ಲಿಸುವ ಪದ್ಧತಿಯಿಲ್ಲ. ಆದರೂ ಹೊತ್ತವರು ನಿಂತಿದ್ದರು, ಅವನ ಮಾತು ಮುಗಿಯುವ ತನಕ ಹೆಜ್ಜೆ ಎತ್ತಲಿಲ್ಲ.

ಕೆಂಚವೀರಪ್ಪ ಇಳಿದು ಬಂದ. ಸುಫಿಯಾನ್ ಅವನ ಮುಖ ನೋಡಿದ. ಜನಾಜಾದ ಮುಂದಿನ ಹಿಡಿಯಿಂದ ತನ್ನ ಹೆಗಲು ತಪ್ಪಿಸಿ ಪಕ್ಕಕ್ಕೆ ಸರಿದ. ಕೆಂಚವೀರಪ್ಪ ಅಲ್ಲಿ ಹೆಗಲು ಕೊಟ್ಟ. ಆಳು ಕುಳ್ಳ, ಜನಾಜಾ ಆ ಮೂಲೆಗೆ ವಾಲಿತು. ಉಳಿದ ಮೂವರು ತುಸು ಮೊಣಕಾಲು ಬಗ್ಗಿಸಿ ಸಮ ಮಾಡಿಕೊಂಡರು, ಹಾಗೆ ಬಗ್ಗಿಕೊಂಡೇ ನಡೆದರು.